ಬಿಸಿಲ ದೊಡ್ಡಿಯಲ್ಲಿ ಗೌಡನ ಎತ್ತುಗಳು

ನಾನು ಪಶುವೈದ್ಯ ಇಲಾಖೆಗೆ ಸೇರಿದ್ದು ಮೂಕಪ್ರಾಣಿಗಳ ಸೇವೆ ಮಾಡಲಿಕ್ಕಲ್ಲ. ಒಬ್ಬ ಮನುಷ್ಯನನ್ನು ಒಂದಲ್ಲ ಒಂದು ದಿನ ಬಿಸಿಲಲ್ಲಿ ನಿಲ್ಲಿಸಬೇಕು ಎಂದು ಸೇರಿದೆ. ನಿವೃತ್ತಿಯ ದಿನ ಇದನ್ನು ಹೇಳುವ ಹಾಗಿರಲಿಲ್ಲ. ಎಲ್ಲರಂತೆ ನಾನೂ ಮೂಕಪ್ರಾಣಿ, ಪುಣ್ಯ, ಸೇವೆ ಎಂದು ನಾಲ್ಕು ಮಾತಾಡಿ, ಶಾಲು ಹೊದ್ದುಕೊಂಡು, ಹಣ್ಣಿನ ಬುಟ್ಟಿ ಹಿಡಿದುಕೊಂಡು ಮನೆಗೆ ಬಂದೆ. ಬರುವ ದಾರಿಯುದ್ದಕ್ಕೂ ನಗು ಬರುತ್ತಿತ್ತು.

ಆ ಮನುಷ್ಯ ನಮ್ಮೂರ ಗೌಡ. ಊರು ಕುಷ್ಟಗಿ ತಾಲ್ಲೂಕಿನಲ್ಲಿ, ಡಾಂಬರು ರಸ್ತೆಯಿಂದ ನಾಲ್ಕು ಮೈಲಿ ಒಳಗೆ. ನಾನು ಹೇಳುತ್ತಿರುವುದು ಎಪ್ಪತ್ತರ ದಶಕದ ಮೊದಲ ವರ್ಷಗಳ ಮಾತು. ನನಗಾಗ ಹದಿನೆಂಟು ದಾಟಿತ್ತು, ಎಸ್ಸೆಸ್ಸೆಲ್ಸಿ ಪಾಸಾಗಿ ಕೆಲಸವಿಲ್ಲದೆ ಕೂತಿದ್ದೆ. ನಮ್ಮದು ಮಳೆ ನಂಬಿದ ಹೊಲ. ಸುಗ್ಗಿ ಮುಗಿದರೆ ಅಪ್ಪ ಚಕ್ಕಡಿ ಹೂಡಿಕೊಂಡು ಗಂಗಾವತಿ ಕಡೆ ಹೋಗುತ್ತಿದ್ದ. ಅಲ್ಲಿ ಕಾಲುವೆ ನೀರಿನಲ್ಲಿ ಎರಡು ಬೆಳೆ ಭತ್ತ, ಚೀಲ ಹೇರಲು ಎಷ್ಟು ಚಕ್ಕಡಿ ಇದ್ದರೂ ಸಾಲದು. ಆ ವರ್ಷ ಅವ್ವನೂ ನಾನೂ ಜೊತೆಗೆ ಹೋದೆವು. ಎರಡು ತಿಂಗಳು ದುಡಿದು ತಿರುಗಿ ಹೊರಡುವ ಹೊತ್ತಿಗೆ ಆ ಸೀಮೆಯ ದನಗಳಿಗೆ ದೊಡ್ಡರೋಗ ಬಿದ್ದಿತ್ತು. ಹಾದಿಯಲ್ಲಿ ಊರೂರ ಹೊರಗೆ ಹದ್ದುಗಳು ಇಳಿದಿರುವುದನ್ನು ನೋಡುತ್ತಲೇ ಬಂದೆವು.

ನಮ್ಮೂರಿಗೆ ಹಳ್ಳ ದಾಟಿ ಹೋಗಬೇಕು. ಆಚೆ ದಂಡೆಯಲ್ಲಿ ದಾರಿಗೆ ಅಡ್ಡವಾಗಿ ಬೇವಿನ ಟೊಂಗೆ ಸಿಗಿಸಿದ ಹಗ್ಗ ಕಟ್ಟಿದ್ದರು. ಆ ಹಗ್ಗ ಬಿತ್ತೆಂದರೆ ಊರು ಕಟ್ಟಿದರು ಎಂದು ಅರ್ಥ. ಹೊರಗಿನ ದನ ಒಳಗೆ ಬರುವಂತಿಲ್ಲ, ಒಳಗಿನ ದನ ಹೊರಗೆ ಹೋಗುವಂತಿಲ್ಲ. ಹಗ್ಗದ ಹಿಂದೆ ಗೌಡ ಇಬ್ಬರು ಆಳುಗಳ ಜೊತೆ ನಿಂತಿದ್ದ.

"ಚಕ್ಕಡಿ ಅಲ್ಲೇ ನಿಂದರಸ್ರಿ" ಎಂದ. "ಎಡಗಡಿ ಎತ್ತಿನ ಕಣ್ಣಾಗ ನೀರು ಸೋರಾಕತ್ತೈತಿ."

ಅಪ್ಪ ಕೆಳಗಿಳಿದು ಕೈಮುಗಿದ. "ದಾರ್ಯಾಗಿನ ಧೂಳ್ರಿ ಗೌಡ್ರ. ಮನ್ಯಾಗ ಎರಡು ದಿನ ಕಟ್ಟಿದ್ರ ಆರಾಮ ಆಗತೈತಿ."

"ಆರಾಮ ಆದಮ್ಯಾಲೆ ಬರ್ರಿ."

ನನಗೆ ತಡೆಯಲಾಗಲಿಲ್ಲ. "ನಿಮ್ಮ ದನಾ ಆಗಿದ್ರ ಹಿಂಗ ಹೊರಗ ನಿಲ್ಲಸ್ತಿದ್ರೇನ್ರಿ?" ಎಂದೆ.

"ನೀ ಸಾಲಿ ಕಲ್ತಾವ" ಎಂದು ಗೌಡ ನನ್ನ ಮುಖವನ್ನೂ ನೋಡದೆ ಹೇಳಿದ. "ನಿಮ್ಮಪ್ಪಗ ನೀನ ತಿಳಿಸಿ ಹೇಳಬೇಕು."

ಎತ್ತುಗಳನ್ನು ಬಿಟ್ಟು ನಾವು ಮೂವರು ಒಳಗೆ ಹೋಗಬಹುದಿತ್ತು. ಆದರೆ ಒಮ್ಮೆ ಹೋದರೆ ಮತ್ತೆ ಎತ್ತಿನ ಹತ್ತಿರ ಬರುವಂತಿಲ್ಲ ಎಂದ. ಕರುವಿನಿಂದ ಸಾಕಿದ ಜೋಡಿಯನ್ನು ಹಳ್ಳದಲ್ಲಿ ಬಿಟ್ಟು ಮನೆಯಲ್ಲಿ ಮಲಗುವ ಜಾತಿಯವನಲ್ಲ ನಮ್ಮಪ್ಪ. ಈಚೆ ದಂಡೆಯ ಜಾಲಿಮರದ ಕೆಳಗೆ ಚಕ್ಕಡಿ ಬಿಟ್ಟೆವು. ಅಲ್ಲಿ ಹತ್ತೊಂಬತ್ತು ದಿನ ಇದ್ದೆವು. ಸುಡುಬೇಸಿಗೆ, ಹಳ್ಳದಲ್ಲಿ ಹನಿ ನೀರಿಲ್ಲ. ಊರ ಬಾವಿಯ ಕಡೆ ಸುಳಿಯಬಾರದು, ನೀರು ಕಳಿಸುತ್ತೇನೆ ಎಂದಿದ್ದ ಗೌಡ. ಕಳಿಸಲಿಲ್ಲ. ಮರೆತನೋ, ಕಳಿಸಬಾರದೆಂದೇ ಸುಮ್ಮನಾದನೋ, ನನಗೆ ಗೊತ್ತಿಲ್ಲ. ಎರಡರಲ್ಲಿ ಯಾವುದಾದರೂ ಅದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ನಮ್ಮನ್ನು ಬದುಕಿಸಿದವಳು ಹಳ್ಳದ ಆಚೆ ದಂಡೆಯಲ್ಲಿ ಒಬ್ಬಳೇ ಇದ್ದ ವಿಧವೆ. ನಾನು ಆಕೆಯನ್ನು ಚಿಗವ್ವ ಎನ್ನುತ್ತಿದ್ದೆ. ಒಂದು ಎಮ್ಮೆ ಕಟ್ಟಿಕೊಂಡು ಹಾಲು ಮಾರಿ ಜೀವನ ಮಾಡುತ್ತಿದ್ದಳು. ದಿನಾ ಬೆಳಿಗ್ಗೆ ಎರಡು ಕೊಡ ನೀರು ತಂದು ಹಗ್ಗದ ಬುಡದಲ್ಲಿಟ್ಟು, ಮಾತಾಡದೆ ಹೋಗುತ್ತಿದ್ದಳು. ಒಂದು ಕೊಡ ನಮಗೆ, ಒಂದು ಎತ್ತುಗಳಿಗೆ.

ಹತ್ತನೆಯ ದಿನ ಊರವರು ಹೊರಬೀಡು ಮಾಡಿದರು. ದನಗಳಿಗೆ ಬ್ಯಾನೆ ಬರಬಾರದೆಂದು ನಮ್ಮ ಕಡೆ ಮಾಡುವ ಕ್ರಮ ಅದು. ಹೊತ್ತು ಹುಟ್ಟುವ ಮೊದಲೇ ಇಡೀ ಊರು ಮನೆ ಬಾಗಿಲು ಎಳೆದುಕೊಂಡು, ದನಕರುಗಳನ್ನು ಹೊಡೆದುಕೊಂಡು ಹೊರಗೆ ಬಯಲಿಗೆ ಹೋಗುತ್ತದೆ. ದೀಪ ಹಚ್ಚುವ ಹೊತ್ತಿನ ತನಕ ಊರೊಳಗೆ ಒಲೆ ಉರಿಯಬಾರದು, ನರಪಿಳ್ಳೆ ಇರಬಾರದು. ಎಲ್ಲರೂ ಊರಿನ ಪಡುವಣ ಬಯಲಿನಲ್ಲಿ ಒಲೆ ಹೂಡಿ ಹೋಳಿಗೆ ಮಾಡಿ ತಿಂದರು. ನಮಗೆ ಹೊಗೆ ಕಂಡಿತು, ಅವರ ನಗು ಕೇಳಿಸಿತು. ನಮ್ಮ ಎತ್ತು ಅಷ್ಟರಲ್ಲಿ ಜೊಲ್ಲು ಸುರಿಸುತ್ತ ಕುತ್ತಿಗೆ ಚಾಚಿ ಮಲಗಿತ್ತು. ಅಪ್ಪ ಅದರ ಬಾಯಿಗೆ ಗಂಜಿ ಹನಿಸುತ್ತ ಕೂತಿದ್ದ. ಅವ್ವ ಉರುವಲು ಆರಿಸಿ ತರುತ್ತೇನೆಂದು ಹೋಗಿ ಮಧ್ಯಾಹ್ನ ಬರಿಗೈಯಲ್ಲಿ ಬಂದಳು. ಎತ್ತಿನ ಸಂಕಟ ನೋಡಲಾರದೆ ಎಲ್ಲೋ ಅತ್ತು ಬಂದಿದ್ದಾಳೆ ಎಂದುಕೊಂಡೆ.

ಎರಡು ದಿನಕ್ಕೆ ಎತ್ತು ಸತ್ತಿತು. ಗೌಡ ಹಗ್ಗದ ತನಕ ಬಂದು, "ಆಳುದ್ದ ತಗ್ಗು ತೋಡಿ ಹುಗೀರಿ, ಮ್ಯಾಲೆ ಸುಣ್ಣಾ ಹಾಕ್ರಿ" ಎಂದು ಹೇಳಿ ತಿರುಗಿದ. ಅಪ್ಪ ಮಣ್ಣು ಹಿಡಿದ ಕೈಯಿಂದಲೇ ಅವನ ಬೆನ್ನಿಗೆ ಶಾಪ ಹಾಕಿದ: "ನಿನ್ನ ಗ್ವಾದಲಿ ಬರಿದಾಗ್ಲಿ, ಗೌಡಾ." ಗೌಡ ನಿಲ್ಲಲಿಲ್ಲ.

ವಾರದೊಳಗೆ ಗೌಡನ ಕೊಟ್ಟಿಗೆಯಲ್ಲಿ ದೊಡ್ಡರೋಗ ಕಾಣಿಸಿಕೊಂಡಿತು. ದನ ಮೇವು ತಿನ್ನುವ ಅವನ ಗೋದಲಿ ನಿಜವಾಗಿಯೂ ಬರಿದಾಯಿತು. ಅವನ ಮನೆಯಿಂದ ಓಣಿಗೆ, ಓಣಿಯಿಂದ ಊರಿಗೆ ಹಬ್ಬಿತು. ಚಿಗವ್ವನ ಎಮ್ಮೆಯೂ ಹೋಯಿತು. ಅಪ್ಪ ಹೆದರಿಬಿಟ್ಟ. ತನ್ನ ಬಾಯಿಂದಲೇ ಊರ ದನ ಸತ್ತವು ಎಂದು ನಂಬಿದ. ಆಮೇಲೆ ಅವನು ಯಾರಿಗೂ ಕೆಟ್ಟ ಮಾತಾಡಲಿಲ್ಲ, ಒಳ್ಳೆಯ ಮಾತೂ ಹೆಚ್ಚು ಆಡಲಿಲ್ಲ. ಉಳಿದ ಒಂದು ಎತ್ತನ್ನು ಮಾರಿ ಕೂಲಿಗೆ ಹೋದ, ನಾಲ್ಕು ವರ್ಷಕ್ಕೆ ತೀರಿಕೊಂಡ. ನಾನು ಮಾತ್ರ ಬೇರೆ ಕಥೆ ಹಬ್ಬಿಸಿದೆ. ಗೌಡನ ಬೀಗರ ಮನೆಯ ಆಕಳು ಬೇರೆ ದಾರಿಯಿಂದ ಊರು ಹೊಕ್ಕಿತ್ತು, ಬ್ಯಾನೆ ತಂದವನು ಅವನೇ ಎಂದು ಹೋಟೆಲಿನಲ್ಲಿ, ಬಸ್ ನಿಲ್ದಾಣದಲ್ಲಿ ಹೇಳಿದೆ. ಯಾರೋ ಅಂದದ್ದನ್ನು ಕೇಳಿ ಹೇಳಿದೆನೋ ನಾನೇ ಹುಟ್ಟಿಸಿದೆನೋ ಈಗ ನೆನಪಿಲ್ಲ. ಹೇಳಿ ಹೇಳಿ ನಾನಂತೂ ನಂಬಿದ್ದೆ.

ಊರಿಗೆ ರೋಗ ಬಂದ ಮರುವರ್ಷವೇ ಇಲಾಖೆಯಲ್ಲಿ ಜಾನುವಾರು ಸಹಾಯಕನ ಕೆಲಸ ಸಿಕ್ಕಿತು. ತರಬೇತಿಯಲ್ಲಿ ಒಬ್ಬ ವಯಸ್ಸಾದ ಡಾಕ್ಟರು ಪಾಠ ಹೇಳುತ್ತಿದ್ದರು. ದೊಡ್ಡರೋಗದ ಲಕ್ಷಣ ಹೇಳಿದ ದಿನ ನಾನು ಬರೆಯುವುದನ್ನೇ ನಿಲ್ಲಿಸಿದೆ. ಮೊದಲು ಕಣ್ಣಲ್ಲಿ ನೀರು, ಆಮೇಲೆ ಜೊಲ್ಲು, ಒಸಡಿನ ಮೇಲೆ ತೌಡು ಉದುರಿಸಿದ ಹಾಗೆ ಬಿಳಿ ಚುಕ್ಕೆ. ನಮ್ಮ ಎತ್ತಿನ ಬಾಯಿಯನ್ನು ಅವರು ನೋಡಿದ್ದಾರೇನೋ ಅನ್ನಿಸಿತು. ಹಳ್ಳದ ದಂಡೆಯಲ್ಲಿ ಗೌಡ ಮಾಡಿದ್ದು ಸರಿ ಎಂದು ಅವತ್ತು ನನಗೆ ಗೊತ್ತಾಯಿತು. ಗೊತ್ತಾದ ಮೇಲೆ ಅವನ ಮೇಲಿನ ಸಿಟ್ಟು ಕಡಿಮೆಯಾಗಬೇಕಿತ್ತು. ಇನ್ನೂ ಹೆಚ್ಚಾಯಿತು.

ಅದೇ ಡಾಕ್ಟರು ಹಡಗಿನ ವಿಷಯ ಹೇಳಿದರು. ಬೇರೆ ದೇಶದಿಂದ ಬರುವ ಹಡಗಿನಲ್ಲಿ ರೋಗದ ಸುಳಿವಿದ್ದರೆ ಸರ್ಕಾರ ಅದನ್ನು ಬಂದರಿನೊಳಗೆ ಬಿಡದೆ ಸಮುದ್ರದಲ್ಲೇ ನಿಲ್ಲಿಸಬಹುದು, ಬಂದ ದಾರಿಗೆ ತಿರುಗಿಸಲೂಬಹುದು, ಎಂಥ ದೊಡ್ಡ ಹಡಗಿನ ಯಜಮಾನನೂ ಎದುರು ಮಾತಾಡುವಂತಿಲ್ಲ ಎಂದರು. ಸಮುದ್ರವನ್ನೇ ಕಾಣದ ನನಗೆ ಆ ಹಡಗು ಚೆನ್ನಾಗಿ ಅರ್ಥವಾಯಿತು. ಎದ್ದು ನಿಂತು, "ಹಡಗಿನಾಗ ಇರೋರಿಗೆ ನೀರು ಯಾರು ಕೊಡ್ತಾರ್ರಿ?" ಎಂದು ಕೇಳಿದೆ. ಉಳಿದವರು ನಕ್ಕರು. ಅವರು ನಗಲಿಲ್ಲ. "ತಡೆದವರೇ ವ್ಯವಸ್ಥೆ ನೋಡಬೇಕು. ತಡೆಯುವುದು ಅರ್ಧ ಕೆಲಸ ಅಷ್ಟೇ" ಎಂದರು. ಆ ಮಾತಿನಲ್ಲಿ ನನಗೆ ಬೇಕಾದಷ್ಟನ್ನು ಮಾತ್ರ ತೆಗೆದುಕೊಂಡೆ. ತಡೆಯುವ ಅಧಿಕಾರ ಸರ್ಕಾರದ್ದು, ಸರ್ಕಾರ ಎಂದರೆ ಇನ್ನು ಮೇಲೆ ನಾನು.

ಗೌಡ ನನ್ನ ಕೈಗೆ ಸಿಗಲು ಹತ್ತು ವರ್ಷದ ಮೇಲೇ ಹಿಡಿಯಿತು. ಎಂಬತ್ತರ ದಶಕದ ಮೊದಲ ಭಾಗ, ಹೊಳೆಯ ಆಚೆ ಮತ್ತೆ ರೋಗ ಕಾಣಿಸಿಕೊಂಡಿದ್ದರಿಂದ ಮುನಿರಾಬಾದಿನ ಹತ್ತಿರ, ಹೊಸಪೇಟೆ ಕಡೆಯಿಂದ ಬರುವ ದಾರಿಯಲ್ಲಿ, ದನಗಳ ತಪಾಸಣೆಗೆ ಒಂದು ತಾತ್ಕಾಲಿಕ ನಾಕಾ ಹಾಕಿದ್ದರು. ಅದರ ಉಸ್ತುವಾರಿ ನನ್ನದು. ನಾನೂ ಅವ್ವನೂ ಅಲ್ಲೇ ಒಂದು ಸಣ್ಣ ಕ್ವಾರ್ಟರ್ಸಿನಲ್ಲಿದ್ದೆವು. ನಿಯಮ ಸರಳ. ಆಚೆಯ ಡಾಕ್ಟರು ಕೊಟ್ಟ ಆರೋಗ್ಯದ ಚೀಟಿ ಇದ್ದರೆ ದನವನ್ನು ನೋಡಿ ಬಿಡಬೇಕು. ಇಲ್ಲದಿದ್ದರೆ ಹತ್ತು ದಿನ ದೊಡ್ಡಿಯಲ್ಲಿ ಇರಿಸಿಕೊಳ್ಳಬೇಕು, ಇಲ್ಲವೇ ಬಂದ ದಾರಿಗೆ ತಿರುಗಿಸಬೇಕು. ಲಸಿಕೆ ಮಂಜುಗಡ್ಡೆಯಲ್ಲಿ ಬರಬೇಕಿತ್ತು, ಬಂದಿರಲಿಲ್ಲ. ದೊಡ್ಡಿಗಳು ಎರಡಿದ್ದವು. ಒಂದು ಬೇವಿನಮರದ ನೆರಳಿನಲ್ಲಿ, ಇನ್ನೊಂದು ಬಯಲಿನಲ್ಲಿ.

ರೋಹಿಣಿ ಮಳೆ ಒಂದು ಹದ ಸುರಿದು ಹೋಗಿತ್ತು. ಒಂದು ಬೆಳಿಗ್ಗೆ ಎರಡು ಜೋಡಿ ಎಳೆಯ ಎತ್ತುಗಳನ್ನು ಹೊಡೆದುಕೊಂಡು ಒಬ್ಬ ಮುದುಕ, ಒಬ್ಬ ಆಳು ನಡೆದು ಬಂದರು. ಮುದುಕನ ನಡಿಗೆಯಲ್ಲೇ ಗುರುತು ಹತ್ತಿತು. ಕುರ್ಚಿಯಿಂದ ಏಳದೆ ಅವನು ಹತ್ತಿರ ಬರಲೆಂದು ಕಾದೆ.

"ಚೀಟಿ ಐತ್ರಿ ಸಾಹೇಬ್ರ" ಎಂದು ಗೌಡ ಜೇಬಿನಿಂದ ತೆಗೆದುಕೊಟ್ಟ.

ಚೀಟಿ ಸರಿಯಾಗಿಯೇ ಇತ್ತು. ಮೊಹರಿನ ಸಿಕ್ಕಾ ಮಾತ್ರ ಅರ್ಧ ಬಿದ್ದಿತ್ತು, ಮಸಿ ಆರಿದ ಸಿಕ್ಕಾ ಹಾಗೇ ಬೀಳುತ್ತದೆ. ಅಂಥ ಚೀಟಿಗಳನ್ನು ನಾನು ಆ ವಾರ ಎಷ್ಟೋ ಬಿಟ್ಟಿದ್ದೆ. "ಸಿಕ್ಕಾ ಕಾಣಂಗಿಲ್ಲ" ಎಂದೆ.

"ಡಾಕ್ಟರ್ ಸಹಿ ಐತಲ್ರಿ."

"ಸಹಿ ಯಾರರ ಮಾಡಬಹುದು. ಹತ್ತು ದಿನ ಇಲ್ಲಿರ್ಲಿ. ಇಲ್ಲಾಂದ್ರ ತಿರುಗಿ ಹೊಳಿ ದಾಟಸ್ರಿ."

"ಹತ್ತು ದಿನಕ್ಕ ಹದಾ ಆರಿ ಹೋಗತೈತ್ರಿ. ಮನ್ಯಾಗ ಬಿತ್ತಾಕ ಒಂದ ಎತ್ತಿಲ್ಲ."

"ನಿಮ್ಮ ಹದಾ ನೋಡ್ರಿ ಅಂತ ಸರ್ಕಾರ ನನಗ ಪಗಾರ ಕೊಡಂಗಿಲ್ಲ."

ಇಂಥದೊಂದು ಮಾತನ್ನು ನಾನು ಎಷ್ಟೋ ವರ್ಷ ಸ್ನಾನ ಮಾಡುವಾಗ, ಸೈಕಲ್ ತುಳಿಯುವಾಗ ಹೇಳಿ ಹೇಳಿ ಹದ ಮಾಡಿಟ್ಟಿದ್ದೆ. ಅಂದುಕೊಂಡಿದ್ದಕ್ಕಿಂತ ಚೆನ್ನಾಗಿ ಬಂತು.

ನೆರಳಿನ ದೊಡ್ಡಿ ಖಾಲಿಯಿತ್ತು. ಬಿಸಿಲಿನ ದೊಡ್ಡಿಗೆ ಹಾಕು ಎಂದು ಕಾವಲುಗಾರನಿಗೆ ಹೇಳಿದೆ. ಅವನು ತಲೆ ಕೆರೆದುಕೊಂಡ. "ಅದ್ರಾಗ ನಿನ್ನಿ ಬಂದ ವ್ಯಾಪಾರಿ ದನಾ ಅದಾವ್ರಿ. ಒಂದು ಆಕಳ ಕಣ್ಣಾಗ ನೀರು ಬರಾಕತ್ತೈತಿ."

"ಧೂಳು ಅದು. ಹಾಕು" ಎಂದೆ.

ಎತ್ತುಗಳು ಒಳಗೆ ಹೋದವು. ಗೌಡ ದೊಡ್ಡಿಯ ಕಲ್ಲುಗೋಡೆಗೆ ಒರಗಿ, ಟವೆಲನ್ನು ತಲೆಗೆ ಹಾಕಿಕೊಂಡು ಕೂತ. ದಿನಕ್ಕೆ ಎರಡು ಬಾರಿ ನೀರು ಕುಡಿಸಬೇಕೆಂದಿತ್ತು. ಒಂದೇ ಬಾರಿ ಸಾಕು ಎಂದೆ. ಮಧ್ಯಾಹ್ನದ ಹೊತ್ತಿಗೆ ನನ್ನ ಕುರ್ಚಿಯನ್ನು ಬಾಗಿಲಿಗೆ ಎಳೆದುಕೊಂಡು, ಅವನಿಗೆ ಕಾಣುವ ಹಾಗೆ ಮಡಕೆಯ ತಣ್ಣೀರು ಕುಡಿದೆ. ನಾಚಿಕೆಯಾಗಲಿಲ್ಲ. ಬಹಳ ಸುಖವಾಯಿತು, ಇದನ್ನು ಮುಚ್ಚಿಡುವುದಿಲ್ಲ.

ಮೂರನೆಯ ದಿನ ಆ ವ್ಯಾಪಾರಿಯ ಆಕಳು ಜೊಲ್ಲು ಸುರಿಸತೊಡಗಿತು. ಬಾಯಿ ತೆರೆದು ನೋಡಿದೆ. ಒಸಡಿನ ಮೇಲೆ ಬಿಳಿ ಚುಕ್ಕೆಗಳಿದ್ದವು. ಗೌಡ ಹತ್ತಿರವಿಲ್ಲದ ಹೊತ್ತು ನೋಡಿ ವ್ಯಾಪಾರಿಯ ದನಗಳನ್ನು ಬೇರೆ ಮಾಡಿ ದೂರ ಕಟ್ಟಿಸಿದೆ, ಮೇಲಿನವರಿಗೆ ವರದಿ ಬರೆದೆ. ಎರಡು ದಿನ ಅದರ ಪಕ್ಕದಲ್ಲೇ ನಿಂತು ಒಂದೇ ಬಾನಿಯ ನೀರು ಕುಡಿದಿದ್ದ ಗೌಡನ ಎತ್ತುಗಳ ವಿಷಯ ವರದಿಯಲ್ಲಿ ಬರೆಯಲಿಲ್ಲ. ಬರೆದರೆ ಅವು ಆ ದೊಡ್ಡಿಯಲ್ಲಿ ಯಾಕಿದ್ದವು ಎಂದು ಕೇಳುತ್ತಿದ್ದರು.

ಗೌಡ ಕೈಗೆ ಸಿಕ್ಕಿರುವುದನ್ನು ಮೊದಲ ದಿನ ಸಂಜೆಯೇ ಅವ್ವನಿಗೆ ಹೇಳಿದ್ದೆ. ಅವಳು ಮೊಣಕಾಲು ನೋವಿನಿಂದ ಅಂಗಳ ದಾಟದವಳು. ಆರನೆಯ ದಿನ ನನ್ನ ಬುತ್ತಿಯನ್ನು ತಾನೇ ಕಟ್ಟಿಕೊಂಡು ನಾಕಾಕ್ಕೆ ನಡೆದು ಬಂದಳು. ಒಂದು ಕಲ್ಲಿನ ಮೇಲೆ ಕೂತು, ಸೆರಗು ಬಾಯಿಗೆ ಹಿಡಿದುಕೊಂಡು, ಗೌಡನನ್ನು ಒಂದು ತಾಸು ನೋಡಿದಳು. ಅವನು ಬಿಸಿಲಿಗೆ ಕಣ್ಣು ಮುಚ್ಚಿಕೊಂಡಿದ್ದ. ಸಂಜೆ ಊಟಕ್ಕೆ ಕೂತಾಗ ದಿನಕ್ಕಿಂತ ಒಂದು ರೊಟ್ಟಿ ಹೆಚ್ಚು ತಿಂದಳು.

"ಇದು ಎರಡನೇದು" ಎಂದಳು. "ಮದಲನೇದು ನಾ ತೀರಿಸಿಕೊಂಡಿದ್ದೆ."

"ಏನವ್ವಾ ಅದು?"

"ಅವನ ಗ್ವಾದಲಿ ಬರಿದಾಗಿದ್ದು ನಿಮ್ಮಪ್ಪನ ಶಾಪದಿಂದ ಅಲ್ಲಪಾ. ಹೊರಬೀಡಿನ ದಿನ ಊರಾಗ ನರಪಿಳ್ಳಿ ಇದ್ದಿಲ್ಲ. ನಮ್ಮ ಎತ್ತು ತಿಂದು ಬಿಟ್ಟಿದ್ದ ಕಣಕಿ, ಜೊಲ್ಲು ಹತ್ತಿದ್ದು, ಉಡಿಯಾಗ ಕಟಗೊಂಡು ಹೋದೆ. ಅವನ ಗ್ವಾದಲ್ಯಾಗಿನ ಮೇವಿನಾಗ ಕಲಸಿ ಬಂದೆ." ಮಜ್ಜಿಗೆಯ ವಾಟಿ ಎತ್ತಿ ಕುಡಿದಳು. "ಸಂಜೀಕ ಬಂದು ತಿಂದ್ವು."

ರೋಗ ಊರೊಳಗೆ ಬರದಿರಲಿ ಎಂದು ಊರೆಲ್ಲ ಹೊರಗೆ ಹೋಗಿದ್ದ ದಿನ ಅದು. ಆ ಖಾಲಿ ಊರಿನಲ್ಲಿ ನನ್ನ ಅವ್ವ ಉಡಿ ಹಿಡಿದುಕೊಂಡು ನಡೆಯುವುದು ನನಗೆ ಕಣ್ಣಿಗೆ ಕಟ್ಟಿತು. ನನಗೆ ಮೊದಲು ನೆನಪಾದದ್ದು ಗೌಡನ ದನಗಳಲ್ಲ.

"ಚಿಗವ್ವನ ಎಮ್ಮಿನೂ ಸತ್ತಿತಲ್ಲ" ಎಂದೆ.

ಅವ್ವ ವಾಟಿ ಕೆಳಗಿಟ್ಟಳು. "ಅದು ಗೌಡನ ದನದ ಕೂಡ ಮೇಯಾಕ ಹೋಗ್ತಿತ್ತು. ನನಗ ಆವಾಗ ನೆನಪಾಗ್ಲಿಲ್ಲ."

"ಅಪ್ಪ ಸಾಯೂ ತನಕ ತನ್ನ ಬಾಯಿ ಬೈಕೊಂಡ. ಅವನಿಗರ ಹೇಳಬೇಕಿಲ್ಲೇನು?"

"ಹೇಳಿದ್ರ ನನ್ನ ಮಾರಿ ನೋಡ್ತಿದ್ದಿಲ್ಲ ಆವಾ." ಖಾಲಿ ವಾಟಿಯನ್ನು ದೂರ ಸರಿಸಿ, "ನಿನ್ನ ಚಿಗವ್ವ ಎಮ್ಮಿ ಹೋದಮ್ಯಾಲೆ ಭತ್ತಾ ನಾಟಿ ಮಾಡಾಕ ಗಂಗಾವತಿಗೆ ಹೋದ್ಲು. ಹೋಗೂ ಮುಂದ ಹೇಳಿ ಹೋಗಾಕ ಬಂದಿದ್ಲು. ನಾ ಬಾಗಲಾ ತೆರೀಲಿಲ್ಲ" ಎಂದಳು. ಮೊದಲಿನ ಖುಷಿ ಅವಳ ದನಿಯಲ್ಲಿ ಇರಲಿಲ್ಲ. ನಾನು ತಾಟಿನಲ್ಲೇ ಕೈ ತೊಳೆದುಕೊಂಡೆ.

ಗೌಡನ ಮೇಲಿನ ಸಿಟ್ಟು ಹೋಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಆದರೆ ನನಗೂ ಅವ್ವನಿಗೂ ಏನು ವ್ಯತ್ಯಾಸ ಎಂದು ನೋಡಿಕೊಂಡರೆ ಏನೂ ಕಾಣಲಿಲ್ಲ. ಅವಳು ಉಡಿಯಲ್ಲಿ ಒಯ್ದಿದ್ದಳು, ನಾನು ಸರ್ಕಾರದ ಹೆಸರಿನಲ್ಲಿ ಎತ್ತುಗಳನ್ನೇ ರೋಗದ ಪಕ್ಕಕ್ಕೆ ತಂದು ನಿಲ್ಲಿಸಿದ್ದೆ. ಬೆಳಿಗ್ಗೆ ಹೋಗಿ ಮೊದಲು ಅವುಗಳನ್ನು ನೆರಳಿಗೆ ತರಬೇಕು, ಜ್ವರ ನೋಡಬೇಕು, ಏನೂ ಇಲ್ಲದಿದ್ದರೆ ಇನ್ನು ಮೂರು ದಿನಕ್ಕೆ ಚೀಟಿ ಬರೆದು ಕಳಿಸಬೇಕು, ಹದ ಇನ್ನೂ ಪೂರ್ತಿ ಆರಿಲ್ಲ ಎಂದುಕೊಂಡೆ. ಏನೂ ಇರುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಬೆಳಿಗ್ಗೆ ಥರ್ಮಾಮೀಟರ್ ಹಾಕಿದೆ. ಮೊದಲನೆಯ ಜೋಡಿಗೆ ಏನೂ ಇರಲಿಲ್ಲ. ಎರಡನೆಯ ಜೋಡಿಯ ಬಲಗಡೆಯದಕ್ಕೆ ನೂರಾ ಆರು. ತಪ್ಪಿರಬಹುದೆಂದು ಒರೆಸಿ ಮತ್ತೆ ಹಾಕಿದೆ. ನೂರಾ ಆರೇ ಬಂತು. ಮೂಗು ಒಣಗಿತ್ತು, ಕಣ್ಣ ಮೂಲೆಯಿಂದ ಕೆಳಗೆ ರೋಮ ಒದ್ದೆಯಾಗಿತ್ತು. ಈಗ ಇಲ್ಲಿಂದ ಒಂದು ಎತ್ತನ್ನೂ ಮುಂದೆ ಬಿಡುವಂತಿರಲಿಲ್ಲ. ಹೊಸದಾಗಿ ದಿನ ಎಣಿಸಬೇಕು, ಇರುವವು ಇರುತ್ತವೆ, ಹೋಗುವವು ಹೋಗುತ್ತವೆ, ಬಿತ್ತನೆಯಂತೂ ಮುಗಿದ ಮಾತು. ಮೊದಲ ದಿನ ನಾನು ಸುಳ್ಳೇ ಹೊರಡಿಸಿದ್ದ ಹುಕುಂ ಈಗ ಅಕ್ಷರಶಃ ನಿಜವಾಗಿತ್ತು.

ಗೌಡ ಗೋಡೆ ಹಿಡಿದುಕೊಂಡು ಎದ್ದು ಬಂದ. ಎತ್ತಿನ ಕಣ್ಣನ್ನು ತನ್ನ ಬೆರಳಿನಿಂದ ಬಿಡಿಸಿ ನೋಡಿದ. ಅವನಿಗೆ ನನ್ನಿಂದ ಕೇಳುವುದೇನೂ ಇರಲಿಲ್ಲ. ಬಹಳ ಹೊತ್ತು ಎತ್ತಿನ ಬೆನ್ನಿನ ಮೇಲೆ ಕೈಯಿಟ್ಟು ನಿಂತ.

"ನಿನ್ನ ಗುರ್ತು ನನಗ ಮದಲನೇ ದಿನಾನ ಹತ್ತಿತ್ತಪಾ" ಎಂದ. ಸಾಹೇಬ್ರ ಎನ್ನುವುದನ್ನು ಬಿಟ್ಟಿದ್ದ. "ನಿಮ್ಮಪ್ಪನ ಎತ್ತು ತಡದಿದ್ದಕ್ಕ ಸೇಡು ತೀರಿಸಾಕತ್ತಾನ ಅಂತ ಏಳು ದಿನ ಇಲ್ಲಿ ಕುಂತು ಮನಸಿನಾಗ ನಿನ್ನ ಬೈದೀನಿ. ಬಿಟ್ಟಿದ್ರ ಹೊಳಿ ಆಚೀಂದ ಹತ್ತಿಸಿಕೊಂಡು ಬಂದ ಈ ಬ್ಯಾನಿ ನಾನ ಕೈಯಾರೆ ಊರಿಗೆ ಒಯ್ತಿದ್ದೆ. ನೀ ಬರೋಬ್ಬರಿ ಮಾಡಿದಿ." ತಲೆಯ ಮೇಲಿನ ಟವೆಲು ತೆಗೆದು ಕೈಯಲ್ಲಿ ಹಿಡಿದುಕೊಂಡ. "ತಪ್ಪು ತಿಳಕೊಂಡಿದ್ದೆ ತಮ್ಮಾ. ಮನಸಿನಾಗ ಇಟಕೋಬ್ಯಾಡ."

ಆ ಹಳ್ಳದ ದಂಡೆಯಿಂದ ಇವತ್ತಿನ ತನಕ ಈ ಮನುಷ್ಯನ ಬಾಯಿಂದ ತಪ್ಪಾಯಿತು ಎಂಬ ಮಾತು ಕೇಳಬೇಕೆಂದು ನಾನು ಕಾದಿದ್ದೆ. ಕಾವಲುಗಾರ ಬಾನಿಗೆ ನೀರು ಸುರಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದ. ಅವನಿಗೆ ಎಲ್ಲ ಗೊತ್ತಿತ್ತು.

"ಇರಲಿ ಬಿಡ್ರಿ ಗೌಡ್ರ" ಎಂದೆ.